ಆ ಮೊಸಳೆಯ ಹೊಟ್ಟೆಯಲ್ಲಿ ಹುಳುಗಳಷ್ಟೇ ಇದ್ದವು

ಕೊಣನೂರು, ೧೯೫೮ರ ಬೇಸಿಗೆ

ಮುದ್ದಿನ ಮಂಗಳಾ,

ನೀನು ಬದುಕಿದ್ದೀಯೆಂದು ನಂಬಿಯೇ ಬರೆಯುತ್ತಿದ್ದೇನೆ. ಹಾಗೆ ನಂಬದಿದ್ದರೆ ನಾನು ಉಳಿಯುವುದಿಲ್ಲ.

ಹೊಳೆಗೆ ಹೋದವಳು ನೀನು ವಾಪಸು ಬರಲಿಲ್ಲ. ದಡದಲ್ಲಿ ಬಿಂದಿಗೆ, ಚಪ್ಪಲಿ ಮಾತ್ರ ಸಿಕ್ಕವು. ಮೊಸಳೆ ಎಳೆದುಕೊಂಡಿತೆಂದು ಊರು ತೀರ್ಮಾನಿಸಿಬಿಟ್ಟಿತು. ನಿನ್ನೆ ಹರಿಗೋಲಿನ ಸಣ್ಣಯ್ಯ ಒಂದು ಮೊಸಳೆಯನ್ನು ಕೋವಿಯಿಂದ ಹೊಡೆದು, ಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ದನದ ಆಸ್ಪತ್ರೆಯ ಮುಂದೆ ಕೆಡವಿದ. "ಒಟ್ಟೆ ಕುಯ್ದು ನೋಡಿ ಸಾ. ಮಗೀನ ಬಳೆನಾದ್ರೂ ಸಿಕ್ತದೆ ಕಣ್ಸಾ" ಅಂದ. ಇಲ್ಲಿ ಪಶುವೈದ್ಯನೆಂದರೆ ನಾನೊಬ್ಬನೇ. ಮಗಳನ್ನು ಹುಡುಕಲು ಅಪ್ಪನೇ ಕತ್ತಿ ಹಿಡಿಯಬೇಕಾಯಿತು.

ಕೊಯ್ದೆ. ಜಠರದಲ್ಲಿ ನಾಲ್ಕಾರು ಬೆಣಚುಕಲ್ಲು, ಅದರ ಗೋಡೆಗೆ ತಲೆ ಹುದುಗಿಸಿಕೊಂಡ ಜಂತುಹುಳುಗಳು. ಕರುಳಿನಲ್ಲೂ ಅವೇ, ಬೇಯಿಸಿದ ಶಾವಿಗೆಯ ಹಾಗೆ ಬೆಳ್ಳಗೆ, ಮುದ್ದೆ ಮುದ್ದೆ. ಮೂಳೆಯಿಲ್ಲ, ಕೂದಲಿಲ್ಲ, ಬಳೆಯ ಚೂರೂ ಇಲ್ಲ. ಗಾಜು ಯಾವ ಮೊಸಳೆಗೂ ಅರಗುವುದಿಲ್ಲ, ಮಗಳೇ. ಆ ಬಡಪಾಯಿ ಬಹಳ ದಿನದಿಂದ ಏನನ್ನೂ ನುಂಗದೆ ಒಣಗಿಹೋಗಿತ್ತು. "ಅಪ್ಪನಿಗೆ ನಮಗಿಂತ ಜಂತುಹುಳುಗಳ ಮೇಲೇ ಅಕ್ಕರೆ" ಎಂದು ನೀನು ಛೇಡಿಸುತ್ತಿದ್ದೆಯಲ್ಲ, ನಿನ್ನೆ ಆ ಹುಳುಗಳಿಗೆ ಕೈಮುಗಿದೆ. ಊರವರೆಲ್ಲರ ಎದುರು ಗೊಳೋ ಎಂದು ಅತ್ತುಬಿಟ್ಟೆ.

ನಿನ್ನಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಹೊಳೇಲಿ ಇರೋದು ಅದೊಂದೇ ಮೊಸಳೇನಾ?" ಎಂದು ಕೇಳಿದಳು. ನೀನು ತೀರಿಕೊಂಡೆಯೆಂದೇ ಎಣಿಸಿ ಗಣಾರಾಧನೆ ಮಾಡಿ ಮುಗಿಸೋಣ ಅನ್ನುತ್ತಾಳೆ. ನಾನು ಬದುಕಿರುವ ತನಕ ಅದು ಆಗುವುದಿಲ್ಲ.

ಚನ್ನರಾಯಪಟ್ಟಣದ ಶಾಂತಿಕುಮಾರನನ್ನೇ ಮದುವೆಯಾಗುತ್ತೇನೆಂದು ನೀನು ಹಟ ಹಿಡಿದಾಗ, ಜೈನರ ಹುಡುಗನೆಂದು ಮನೆಯಲ್ಲಿ ಎಷ್ಟು ರಂಪವಾಯಿತು! ಈ ಕಾಗದವನ್ನು ಅವನ ತೆಂಗಿನಕಾಯಿ ಮಂಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ನೀನು ಅಲ್ಲಿದ್ದರೆ, ನಮ್ಮ ಕಣ್ಣಿಗೆ ಮಣ್ಣೆರಚಲೆಂದೇ ಬಿಂದಿಗೆ, ಚಪ್ಪಲಿ ಬಿಟ್ಟು ಹೋಗಿದ್ದರೆ, ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಯಾರ ಮನೆಯ ಸೊಸೆಯಾದರೂ ಆಗು. ಊರ ಬಾಯನ್ನು ನಾನು ನೋಡಿಕೊಳ್ಳುತ್ತೇನೆ.

ಸಣ್ಣಯ್ಯ ಈಗ ಮಡುವಿನ ಹತ್ತಿರ ಇನ್ನೊಂದಕ್ಕೆ ಹೊಂಚು ಹಾಕಿ ಕೂತಿದ್ದಾನೆ. ಅದು ದೊಡ್ಡದಂತೆ. ಹೊಟ್ಟೆ ತುಂಬಿದ ಹಾಗೆ ಮರಳ ಮೇಲೆ ಅಲುಗಾಡದೆ ಮಲಗಿರುತ್ತದಂತೆ. ಅದನ್ನೂ ನನ್ನ ಮುಂದೆಯೇ ತಂದು ಹಾಕುತ್ತಾರೆ. ಅಷ್ಟರೊಳಗೆ ನಿನ್ನದೊಂದು ಸಾಲು ಬರಲಿ. ಬೈದಾದರೂ ಬರೆ. ಆ ಹೊಟ್ಟೆಯನ್ನು ನನ್ನ ಕೈಯಲ್ಲಿ ಕೊಯ್ಯಿಸಬೇಡ, ತಾಯಿ.

ಎಲ್ಲಿದ್ದರೂ ಶಿವ ನಿನ್ನ ಉಸಿರು ಕಾಯಲಿ.

ನಿನ್ನ ದಾರಿ ಕಾಯುತ್ತಿರುವ ಅಪ್ಪ,
ಪಂಚಾಕ್ಷರಯ್ಯ