ಕೆಂಪು ಬಟನ್ನಿನ ನಗು

ಮಾರ್ಚ್ 3, 2008. ಸೋಮವಾರ

ಇವತ್ತೂ ಡೊಂಬಿವಲಿಯಿಂದ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಲೇ ಪ್ರಯಾಣ. ದಿವಾ ದಾಟಿದ್ದೇ ತಡ, ಪ್ಯಾಂಟಿನ ಜೇಬಿನಲ್ಲಿ ಯಂತ್ರ ತಾನಾಗಿ ಆನ್. ಗುಂಯ್ಯ್... ಪಕ್ಕದ ಕಾಕಾ ಬಿಳಿಚಿಕೊಂಡರು. "ಕ್ಯಾ ಹೈ ರೇ ಅಂದರ್?" ತೆಗೆದು ಗಂಟಲಿಗೆ ಒತ್ತಿ, ಉಸಿರು ಕಟ್ಟಿ, ಮುಂದಿನ ಸ್ಟೇಷನ್ ಸಾರುವವರ ಹಾಗೆ ಬರೀ ಬಾಯಾಡಿಸಿದೆ — "ಅಗಲಾ ಸ್ಟೇಷನ್, ಮುಂಬ್ರಾ." ಇಡೀ ಡಬ್ಬಿ ತಿರುಗಿ ನೋಡಿತು. ಆಮೇಲೆ ಯಾರೋ ಚಪ್ಪಾಳೆ ಹೊಡೆದ.

ಹೀಗೆ ಮಾನ್ಯ ಸಂಶೋಧಕ ಶ್ರೀ ಸಮಿತ್ ಅವರ ಮೂರನೇ ಮಾಡೆಲ್‌ನ ಉದ್ಘಾಟನೆ ಸಾಂಗವಾಗಿ ನೆರವೇರಿತು. (ಸಂಶೋಧಕರ ಹೊಟ್ಟೆಪಾಡು: ರಬಾಳೆಯ ವರ್ಕ್‌ಶಾಪಿನಲ್ಲಿ ಬಿಪಿ ಮಷಿನ್ ರಿಪೇರಿ.)

ಗಂಟಲಿಗೆ ಒತ್ತಿ ಬಾಯಾಡಿಸಿದರೆ ಮಾತಾಗುವ ಈ ಯಂತ್ರ ತಾರಾನಾಥ ಮಾಮನಿಗೆ. ದೀಪಾವಳಿ ಹೊತ್ತಿಗೆ ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆ ಪೂರ್ತಿ ತೆಗೆದರು. ಈಗ ಉಸಿರು ಕುತ್ತಿಗೆಯ ತೂತಿನಿಂದ. ಏನಾದರೂ ಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಟಣ್. ವರ್ಷಗಟ್ಟಲೆ ಹೋಟೆಲಿನ ಗಲ್ಲಾದಲ್ಲಿ ಕೂತು ಅಡುಗೆಮನೆಗೆ ಆರ್ಡರ್ ಕೂಗಿದ ಗಂಟಲು! ಫಾರಿನ್ ಯಂತ್ರ ನಮ್ಮ ಕೈಗೆಟುಕುವುದಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ಮಾಮ. ಮಾಡದೆ ಇರ್ಲಿಕ್ಕೆ ಆಗ್ತದಾ.

ಮಾರ್ಚ್ 9, ಭಾನುವಾರ

ಮಾಮ ಮಾತಾಡಿದರು. ಮೊದಲ ಮಾತು — "ಲತಾ, ಚಾ." ಮಿಕ್ಸರ್‌ಗೆ ನಾಲಿಗೆ ಬಂದ ಹಾಗೆ. ಜಯಲತಾ ಮಾಮಿ ಅಡುಗೆಮನೆ ಬಾಗಿಲಲ್ಲೇ ಕೂತು ಅತ್ತರು. ಮೂಗು ಒರೆಸಿಕೊಂಡು ಎದ್ದು, "ಇಷ್ಟು ತಿಂಗಳಿಗೆ ಬಾಯಿ ಬಂತು, ಬಂದದ್ದೇ ಆರ್ಡರ್!"

ಖುಷಿಗೆ ಮುಂಬ್ರಾ ಕಥೆ ಹೇಳಿದೆ. ಮಾಮ ನಕ್ಕರು. ಭುಜ ಕುಣಿಯಿತು, ಬಾಯಿ ತೆರೆಯಿತು, ಕಣ್ಣಲ್ಲಿ ನೀರು. ಸದ್ದಿಲ್ಲ. ತೂತಿನಿಂದ ಬರೀ ಸುಸ್... ಪಂಕ್ಚರ್ ಆದ ಟೈರು. ಯಂತ್ರ ಒತ್ತಿಕೊಂಡರೂ ಅದೇ ಗುಂಯ್, ಏರಿಲ್ಲ ಇಳಿವಿಲ್ಲ. ಅವರಿಗೇ ಅದು ಕೇಳಿಸಿತು. ನಿಲ್ಲಿಸಿಬಿಟ್ಟರು.

"ನನ್ನನ್ನು ನಗಿಸಬೇಡ ಇನ್ನು."

ಕೆಳಗಿನ ವಾಚ್‌ಮನ್‌ವರೆಗೂ ಕೇಳುತ್ತಿದ್ದ ನಗು. ನನ್ನ ಕಿತಾಪತಿಗೆಲ್ಲ ಅದೊಂದೇ ಪಗಾರ.

ಮಾರ್ಚ್ 30, ಭಾನುವಾರ

ಯಂತ್ರಕ್ಕೆ ಹೊಸದಾಗಿ ಕೂರಿಸಿದ ಚಿಪ್ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯದು. ಕೆಲವೇ ಸೆಕೆಂಡಿನ ಧ್ವನಿ ಹಿಡಿದಿಡುತ್ತದೆ. ನಗು ಮಾಮನ ಮಗಳು ಪ್ರಣೀತಾಳ ಮದುವೆ ಸಿಡಿಯದು — ಧಾರೆ ಹೊತ್ತಿಗೆ ಭಟ್ಟರ ಶಾಲಿನ ಸೆರಗು ಹೋಮಕ್ಕೆ ಬಿದ್ದಾಗ ಮಾಮ ನಕ್ಕದ್ದು. ವಾಲಗ ಸ್ವಲ್ಪ ಸೇರಿಕೊಂಡಿದೆ. ಇರಲಿ. ಯಂತ್ರದ ಪಕ್ಕೆಯಲ್ಲಿ ದೊಡ್ಡ ಕೆಂಪು ಬಟನ್. ನಡುಗುವ ಕೈಗೂ ಸಿಗುವಂಥದ್ದು.

ಮಾಮ ಒತ್ತಿದರು. ಹ್ಹ ಹ್ಹ ಹ್ಹಾ! ಯಂತ್ರವನ್ನೇ ನೋಡಿದರು. ಮತ್ತೆ ಒತ್ತಿದರು.

"ಕೆಂಪು ಎಂತಕ್ಕೆ ಮಾರಾಯ?" ಅಂದರು ಮಾಮಿ. "ರೈಲಿನ ಚೈನ್ ಎಳೆದ ಹಾಗೆ ಆಗ್ತದೆ."

"ನಗುವೂ ಎಮರ್ಜೆನ್ಸಿಯೇ ಮಾಮಿ."

ಮಧ್ಯಾಹ್ನ ಸ್ಟೀಲ್ ಲೋಟ ಮತ್ತು ಚಮಚದ ಸೇವಾ ನಿವೃತ್ತಿ ಸಮಾರಂಭ. ಕರವಸ್ತ್ರದ ಶಾಲು, ರಬ್ಬರ್ ಬ್ಯಾಂಡಿನ ಹಾರ, ಅಧ್ಯಕ್ಷೀಯ ಭಾಷಣ ನನ್ನದೇ. ಎರಡನ್ನೂ ಮೇಲೆ ಲಾಫ್ಟಿಗೆ ಹಾಕಿದೆ.

"ಬೇಕಾದೀತು," ಅಂದರು ಮಾಮ, ಗುಂಯ್ ದನಿಯಲ್ಲಿ.

"ನಿವೃತ್ತರನ್ನು ಪುನಃ ಕರೆಯುವ ನಿಯಮ ಇಲ್ಲ," ಅಂದೆ.

ಏಪ್ರಿಲ್ 13, ಭಾನುವಾರ

ಸೊಸೈಟಿ ಸೆಕ್ರೆಟರಿ ರಮಾಕಾಂತರಾಯರು ನೋಡಲಿಕ್ಕೆ ಬಂದಿದ್ದರು. "ಪೇಟೆಂಟ್ ಮಾಡಿಸು ರೇ, ಬಿಡಬೇಡ!" ನನ್ನ ಪರವಾಗಿ ಮಾಮನ ಉತ್ತರ: ಕೆಂಪು ಬಟನ್.

ನಿನ್ನೆ ಡಾಕ್ಟರರ ಎದುರೂ ಅದೇ. ಗಂಟು ಪುನಃ ಬಂದಿದೆಯಂತೆ. ಇನ್ನು ಆಪರೇಷನ್ ಇಲ್ಲ. ಬಿಸಿಲಿಗೆ ಕಫ ಗಟ್ಟಿಯಾಗುತ್ತದೆ, ತೂತಿಗೆ ಅಡ್ಡ ಕೂತರೆ ಉಸಿರೇ ಇಲ್ಲ, ಕಫ ಎಳೆಯುವ ಮಷಿನ್ ಮಂಚದ ಪಕ್ಕವೇ ಇರಲಿ, ಒಬ್ಬರು ಯಾವಾಗಲೂ ಹತ್ತಿರ ಇರಿ... ಹ್ಹ ಹ್ಹ ಹ್ಹಾ! ಡಾಕ್ಟರು ಮೊದಲು ಬೆಚ್ಚಿದರು, ಆಮೇಲೆ ಅವರೂ ನಕ್ಕರು. ಮಾಮಿ ನಗಲಿಲ್ಲ.

ಎದ್ದು ನಿಲ್ಲಲಿಕ್ಕೆ ಈಗ ಮಾಮನಿಗೆ ಇನ್ನೊಬ್ಬರ ಕೈ ಬೇಕು.

ರಾತ್ರಿ ಮಾಮಿ ಅಂದರು, "ಮೊದಲಾದರೆ ಗಳಿಗೆಗೊಮ್ಮೆ ಹೋಗಿ ಇಣುಕ್ತಿದ್ದೆ. ಈಗ ನಗು ಕೇಳಿದ್ರೆ ಸಾಕು, ಆರಾಮ ಇದ್ದಾರೆ ಅಂತ ನಾನು ಕೆಲಸ ನೋಡ್ತೇನೆ." ಮಾನ್ಯ ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ.

ಮೇ 2, ಶುಕ್ರವಾರ. ಮಧ್ಯಾಹ್ನ

ಕರೆಂಟ್ ಉಳಿಸಲಿಕ್ಕೆ ಈಗ ಶುಕ್ರವಾರವೂ ಎಂಐಡಿಸಿ (ನಮ್ಮ ವರ್ಕ್‌ಶಾಪಿರುವ ಕೈಗಾರಿಕಾ ಪ್ರದೇಶ) ಬಂದ್, ನನಗೆ ರಜೆ. ಮಾಮಿ ಕಲ್ಯಾಣ್‌ಗೆ, ತಮ್ಮ ತಂಗಿ ಮನೆಗೆ. ಹೋಗುವಾಗ ಎರಡೆರಡು ಸಲ — "ಅಲ್ಲೇ ಕೂತಿರು, ತಿರುಗಲಿಕ್ಕೆ ಹೋಗಬೇಡ." ಹೋಗಿಲ್ಲ. ಮಾಮ ಒಳಕೋಣೆಯಲ್ಲಿ, ಟಿವಿಯಲ್ಲಿ ಮರಾಠಿ ಕಾಮಿಡಿ ಹಚ್ಚಿ ಕೊಟ್ಟಿದ್ದೇನೆ. ನಾನು ಹಾಲ್‌ನಲ್ಲಿ. ಮಾಡೆಲ್ ನಾಲ್ಕರ ಯೋಜನೆ: ಮೂರು ತರದ ನಗು. ಮುಗುಳ್ನಗೆ, ಅಟ್ಟಹಾಸ, ಮತ್ತು ಸೆಕ್ರೆಟರಿ ಬಂದಾಗ ನಗುವ ನಗು.

ಫ್ಯಾನ್ ನಿಂತಿತು. ಲೋಡ್ ಶೆಡ್ಡಿಂಗ್ ಮಹಾರಾಜರ ಸವಾರಿ. ಬೆವರು ಹಾಳೆ ಮೇಲೇ ತೊಟ್ಟಿಕ್ಕುತ್ತಿದೆ.

ಒಳಗಿಂದ ಹ್ಹ ಹ್ಹ ಹ್ಹಾ!

"ಅಷ್ಟು ಚಂದ ಉಂಟಾ ಮಾಮ?" ಇಲ್ಲಿಂದಲೇ ಕೂಗಿದೆ.

ಹ್ಹ ಹ್ಹ ಹ್ಹಾ!

ಒಳ್ಳೆ ಮೂಡಿನಲ್ಲಿದ್ದಾರೆ. ಬಹಳ ದಿನಕ್ಕೆ. ಮಾಮಿ ಬಂದ ಕೂಡಲೇ ಹೇಳಬೇಕು.

ಮತ್ತೆ. ಒಂದು ನಗು ಮುಗಿಯಲೂ ಬಿಡುತ್ತಿಲ್ಲ — ಹ್ಹ — ಹ್ಹ — ಹ್ಹ — ಮೊದಲಿನಿಂದಲೇ ಒತ್ತುತ್ತಿದ್ದಾರೆ. "ಮಾಮ, ಬ್ಯಾಟರಿ ಖಾಲಿಯಾಗ್ತದೆ!" ಪಕ್ಕದ ಫ್ಲಾಟಿನ ಮಕ್ಕಳೂ ಗೋಡೆಯಾಚೆ ನಗುತ್ತಿದ್ದಾರೆ.

ನಿಂತಿತು.

ಎಷ್ಟು ನಿಶ್ಶಬ್ದ. ಟಿವಿಯ ಸದ್ದೂ ಇಲ್ಲ. ಹೇಗಿರ್ತದೆ, ಕರೆಂಟ್ ಹೋಗಿ ಆಗಲೇ...

ಹಾಗಾದರೆ ಮಾಮ ಇಷ್ಟು ಹೊತ್ತು ಯಾವುದಕ್ಕೆ