ಗುಲಾಬಿ ಟೇಪಿನ ಗೆರೆ

ಆಗಸ್ಟ್ 14, 2024, ಬುಧವಾರ

ಇವತ್ತೂ ಅಳತೆ. ಏಳಕ್ಕೇ ಅಭಿಷೇಕ್ ಕಾರು ತಂದ. ಪಾರ್ಕ್ ಕಮಿಟಿಯ ಮುಖ್ಯಸ್ಥ, ಬೆಂಗಳೂರಿನವನು. ನವೆಂಬರ್‌ನಲ್ಲಿ ಅಮೆರಿಕದ ಈ ನಮ್ಮ ಟೌನಿನ ಬ್ಯಾಲಟ್ ಮೇಲೆ ಬಾಂಡ್ ಬರುತ್ತದೆ. ಟೌನು ಸಾಲ ಎತ್ತಿ ಪಾರ್ಕು, ನಡೆಯಲು ಸೈಕಲ್ಲಿಗೆ ಟ್ರೇಲು ಮಾಡಬೇಕೋ ಬೇಡವೋ, ಜನ ಹೇಳಬೇಕು. ದಾರಿ ಎಲ್ಲಿ ಹೋಗುತ್ತದೆಂದು ಮೊದಲೇ ತೋರಿಸದಿದ್ದರೆ ಯಾರು ಓಟು ಹಾಕುತ್ತಾರೆ? ಆ ಗೆರೆ ಎಳೆಯುವ ಕೆಲಸ ನನಗೆ ಬಂತು. ಬಾಗಲಕೋಟೆಯಲ್ಲಿ ಮೂವತ್ತೊಂದು ವರ್ಷ ಸರ್ವೆ ಇಲಾಖೆಯ ಸರಪಳಿ ಎಳೆದವನು. ಶಾಲೆ ಆರನೇ ಇಯತ್ತೆಗೆ ಮುಗಿಯಿತು, ನಕಾಶೆ ಓದುವುದು ಹೊಲದಲ್ಲೇ ಕಲಿತದ್ದು.

ಕ್ರೀಕ್ ಎನ್ನುವ ಹಳ್ಳ ದಾಟಿದ ಮೇಲೆ ಪೈನ್ ಮರಗಳ ನಡುವೆ ತಗ್ಗು ನೆಲ. ಮೊಣಕಾಲೆತ್ತರದ ಕಲ್ಲುಗಳು, ಸಾಲಾಗಿ. ಒಂದು ದೊಡ್ಡದು, ಆರು ಅಡಿ ಬಿಟ್ಟು ಒಂದು ಸಣ್ಣದು. ನೋಡಿ ಖುಷಿಯಾಯಿತು. ಬಾಂದುಕಲ್ಲು! ಯಾರೋ ಹಳಬರು ಗಡಿ ಗುರುತು ಮಾಡಿಟ್ಟು ಹೋಗಿದ್ದಾರೆ. ಅದೇ ಸಾಲಿನ ಮರಗಳಿಗೆ ಗುರುತಿನ ಗುಲಾಬಿ ಟೇಪು ಕಟ್ಟುತ್ತ ಹೋದೆ. ಎರಡು ಕಲ್ಲು ಗೆರೆಗೆ ಅಡ್ಡ ಇದ್ದವು. ಕಿತ್ತು ಓಕ್ ಮರದ ಬುಡಕ್ಕಿಟ್ಟೆ.

"ಅಂಕಲ್, ನಿಮ್ಮ ಲೈನೇ ಫೈನಲ್" ಎಂದ ಅಭಿಷೇಕ್. ಫೋಟೊ ತೆಗೆದುಕೊಂಡ.

ಆಗಸ್ಟ್ 15

ನಕಾಶೆ ಬ್ರೋಷರಿಗೆ ಹೋಯಿತು. ನಮ್ಮ ಬಡಾವಣೆಯಿಂದ ಲೈಬ್ರರಿವರೆಗೆ ಒಂದೂಮುಕ್ಕಾಲು ಮೈಲಿ. ಕಾರಿಲ್ಲದ ದಾರಿ.

ಬೀಗರು ಇದ್ದಿದ್ದರೆ ಮೀಸೆ ತಿರುವುತ್ತಿದ್ದರು. ಈರಣ್ಣ ನನ್ನ ಅಳಿಯ ಬಸವಕುಮಾರನ ತಂದೆ. ಇಬ್ಬರು ಮುದುಕರು ಒಂದೇ ಮನೆಯಲ್ಲಿ, ದಿನಾ ಒಟ್ಟಿಗೆ ವಾಕಿಂಗ್. ಹೋದ ವರ್ಷ ಮಾರ್ಚ್... ಫುಟ್‌ಪಾತ್ ಇಲ್ಲದ ರಸ್ತೆ. ನಾನು ಲೇಸು ಕಟ್ಟಲು ಬಗ್ಗಿದೆ. "ಬರ್ರಿ ಬೀಗರ, ಎಷ್ಟೊತ್ತು ಸಿಂಗಾರ ಮಾಡ್ಕೋತೀರಿ" ಎಂದು ನಗುತ್ತ ಮುಂದೆ ಹೋದರು. ಹತ್ತು ಹೆಜ್ಜೆ. ಪಿಕಪ್ ಟ್ರಕ್ಕು. ಅವರ ಎಡಗಾಲಿನ ಶೂ ಚರಂಡಿಯಲ್ಲಿ ಸಿಕ್ಕಿತು. ನನ್ನ ಕಪಾಟಿನಲ್ಲಿದೆ.

ಈಗ ಮೊಮ್ಮಗಳು ನಿಧಿ ಅದೇ ರಸ್ತೆಯಲ್ಲಿ ಸೈಕಲ್ ಮೇಲೆ ಸ್ಕೂಲಿಗೆ ಹೋಗುತ್ತಾಳೆ. ಟ್ರೇಲ್ ಆಗಲೇಬೇಕು.

ಆಗಸ್ಟ್ 27

ಟೇಪು ಯಾರೋ ಬಿಚ್ಚಿದ್ದಾರೆ. ಬಿಸಾಡಿಲ್ಲ. ತಗ್ಗು ನೆಲ ಬಿಟ್ಟು, ನಲವತ್ತು ಹೆಜ್ಜೆ ಪೂರ್ವಕ್ಕೆ, ಬೇರೆ ಮರಗಳಿಗೆ ಕಟ್ಟಿದ್ದಾರೆ. ಸುತ್ತಿಕೊಂಡು ಹೋಗುವ ಗೆರೆ. ಮೊದಲಿನ ಜಾಗಕ್ಕೆ ಮತ್ತೆ ಕಟ್ಟಿ ಬಂದೆ.

ಆಗಸ್ಟ್ 30

ಮತ್ತೆ ಪೂರ್ವಕ್ಕೆ. ಹಳೆಯ ಗೆರೆಗೇ ತಿರುಗಿ ಕಟ್ಟುವ ಮೊದಲು ಈ ಸಲ ಗಂಟು ನೋಡಿದೆ. ಎರಡು ಸುತ್ತು, ತುದಿ ಕೆಳಗಿನಿಂದ ಒಳಕ್ಕೆ. ಆಡು ಎಳೆದರೂ ಬಿಚ್ಚಬಾರದೆಂದು ನಾವು ಸರಪಳಿಯವರು ಕಟ್ಟುವ ಗಂಟು. ಈ ದೇಶದಲ್ಲಿ ಇದು ಇಬ್ಬರಿಗೇ ಗೊತ್ತಿತ್ತು. ನನಗೆ, ಮತ್ತು ನಾನು ಕಲಿಸಿದ ಬೀಗರಿಗೆ.

ಮಗಳು ವಿಜಯಶ್ರೀಗೆ ಹೇಳಿದೆ. ಚಪಾತಿ ಲಟ್ಟಿಸುವುದು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಪ್ಪಾ, ನೀವ ಕಟ್ಟಿ ಮರ್ತಿರಬೇಕು ನೋಡ್ರಿ." ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ.

ಇರಬಹುದು. ಬೆಳಿಗ್ಗೆ ಕಾಡಿಗೆ ಹೊರಡುವ ಮೊದಲೇ, ಬಾಗಿಲ ಹತ್ತಿರ ನನ್ನ ಶೂಗಳಿಗೆ ಕೆಂಪು ಮಣ್ಣು ಹತ್ತಿತ್ತು. ಹಸಿ ಮಣ್ಣು.

ಸೆಪ್ಟೆಂಬರ್ 8, ಭಾನುವಾರ

ಇಲ್ಲಾದರೂ ಬರೆಯಬೇಕು. ತಂಗಿ ನೀಲಗಂಗಾಗೆ ವಾರಕ್ಕೊಂದು ಕಾಗದ ಹಾಕುತ್ತೇನೆ. ಇದನ್ನು ಅವಳಿಗೂ ಬರೆಯಲಾರೆ.

ಕ್ರೀಕಿನ ಈಚೆಗಿರುವ ಕರಿಯರ ಚರ್ಚಿನಲ್ಲಿ ಬಾಂಡ್ ಮೀಟಿಂಗ್. ನೂರು ಜನ. ಅಭಿಷೇಕ್ ಜೊತೆ ಬೇಗ ಹೋಗಿದ್ದೆ, ಹಿತ್ತಲಲ್ಲಿ ಅಡ್ಡಾಡಿದೆ. ಅಲ್ಲಿ ಅವರ ಸ್ಮಶಾನ. ಹಳೆಯ ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲುಗಳು. ತಲೆಗೊಂದು ದೊಡ್ಡದು, ಕಾಲಿಗೊಂದು ಸಣ್ಣದು. ನಡುವೆ ಉದ್ದಕ್ಕೆ ಕುಸಿದ ನೆಲ. ಮೇಲೆಲ್ಲ ಹೊಳೆಯುವ ಹಸಿರು ಬಳ್ಳಿ. ಕಾಡಿನಲ್ಲೂ ಇದೇ ಬಳ್ಳಿ ಇತ್ತು. ನಾನು ತುಳಿದುಕೊಂಡೇ ಹೋಗಿದ್ದೆ.

ನನಗೆ ಹೇಗೆ ಹೊಳೆಯಲಿಲ್ಲ? ನಾವೂ ಹೂಳುವ ಜನವೇ. ಆದರೆ ನಮ್ಮಲ್ಲಿ ಗುಂಡಿ ಚೌಕ. ಹೋದವರನ್ನು ಕೂರಿಸುತ್ತೇವೆ, ಮಲಗಿಸುವುದಿಲ್ಲ. ಉದ್ದನೆಯ ತಗ್ಗು ಕಂಡರೆ ಸಮಾಧಿ ಎಂದು ನನ್ನ ಕಣ್ಣಿಗೆ ಬರಲೇ ಇಲ್ಲ.

ಮೀಟಿಂಗಿನಲ್ಲಿ ಆ ಚರ್ಚಿನ ಮಿಸ್ ಒಡೆಸ್ಸಾ ಎದ್ದರು. ಎಂಬತ್ತೊಂದು ವಯಸ್ಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಅವರ ಅಜ್ಜಿ ಹೇಳುತ್ತಿದ್ದರಂತೆ, ಗುಲಾಮಗಿರಿಯ ಕಾಲದ ನಮ್ಮವರು ಕ್ರೀಕಿನ ಆಚೆ ಇದ್ದಾರೆ, ಕಲ್ಲಿನ ಮೇಲೆ ಹೆಸರು ಬರೆಯಲು ಬಿಟ್ಟಿರಲಿಲ್ಲ ಎಂದು. ಎಲ್ಲಿ ಎಂದು ಈಗ ಯಾರಿಗೂ ಗೊತ್ತಿಲ್ಲ. ಕಾಗದಪತ್ರ ಇಲ್ಲ. ಆಮೇಲೆ ನನ್ನತ್ತ ತಿರುಗಿದರು.

"ಮಿಸ್ಟರ್ ಕೆ, ನೀವು ಹೆಜ್ಜೆ ಹೆಜ್ಜೆ ನಡೆದು ಅಳೆದವರು. ಅಲ್ಲಿ ಏನಾದರೂ ಇದೆಯೇ?"

ಹೌದು ಎಂದರೆ ಚರ್ಚಿನ ಓಟು ಅಷ್ಟೂ ಹೋಯಿತು. ಬಾಂಡ್ ಬಿತ್ತು. ನಿಧಿ ಅದೇ ರಸ್ತೆಯಲ್ಲಿ.

"ಮರ, ಕಲ್ಲು. ಬೇರೇನಿಲ್ಲ" ಎಂದೆ.

"ನಿಮ್ಮ ಮಾತು ಸಾಕು" ಎಂದು ಕೂತರು.

ಸೆಪ್ಟೆಂಬರ್ 9

ಕಿತ್ತಿಟ್ಟ ಎರಡು ಕಲ್ಲು ವಾಪಸು ನೆಡೋಣವೆಂದು ಹೋದೆ. ಓಕ್ ಮರದ ಬುಡದಲ್ಲಿ ಇಲ್ಲ. ಆಗಲೇ ತಮ್ಮ ಜಾಗದಲ್ಲಿ ನಿಂತಿದ್ದವು. ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿತ್ತು. ಒಂದೇ ಕಾಲಿನ ಗುರುತು. ಎಡಗಾಲು.

ಮನೆಗೆ ಬಂದು ಕಪಾಟು ತೆರೆದೆ. ಶೂ ಅಲ್ಲೇ ಇದೆ. ತಳ ನೋಡಲು ಧೈರ್ಯ ಬರಲಿಲ್ಲ.

ಅಕ್ಟೋಬರ್ 2

ಡಾಕ್ಟರ್ ಚಿತ್ರ ತೋರಿಸಿ ಹೆಸರು ಕೇಳಿದರು. ಸಿಂಹ, ಒಂಟೆ, ಖಡ್ಗಮೃಗ. ಗಡಿಯಾರ ಬರೆಸಿದರು. ಎಲ್ಲ ಸರಿ. ಕಾರಿನಲ್ಲಿ ವಿಜಯಶ್ರೀ ಸುಮ್ಮನೆ ಅತ್ತಳು, ಸಮಾಧಾನಕ್ಕೆ. ನನಗೆ ಸಮಾಧಾನ ಆಗಲಿಲ್ಲ. ಮರೆವಾಗಿದ್ದರೆ ಚೆನ್ನಾಗಿತ್ತು.

ಈಗ ಟೇಪು ಮುಟ್ಟಲು ಹೋಗುವುದಿಲ್ಲ. ತಗ್ಗುಗಳನ್ನು ಎಣಿಸಿದೆ. ಮೂವತ್ತೊಂದು. ಒಂಬತ್ತು ತೀರ ಗಿಡ್ಡ. ಮಕ್ಕಳವು.

ಬೀಗರಿಗೆ ಮಣ್ಣಾಗಬೇಕೆಂಬ ಆಸೆ ಇತ್ತು. "ನನ್ನ ಕುಂಡ್ರಿಸಬೇಕ್ರಿ. ನನ್ನ ಪಾದಲೇ ಅಳೀಬೇಕು, ಒಂಬತ್ತು ಪಾದ. ನೀವ ಅಳೀರಿ, ನಿಮ್ಮ ಅಳತಿ ತಪ್ಪಂಗಿಲ್ಲ." ಹೋದವರ ಪಾದದಿಂದಲೇ ಗುಂಡಿಯ ಅಳತೆ ತೆಗೆಯುವುದು ನಮ್ಮ ಪದ್ಧತಿ. ಇಲ್ಲಿಯ ಸ್ಮಶಾನದವರು ಚೌಕ ಗುಂಡಿಗೆ ಒಪ್ಪಲಿಲ್ಲ. ಸುಟ್ಟೆವು. ಬೂದಿ ಕೂಡಲಸಂಗಮದ ನೀರಿಗೆ ಹೋಯಿತು. ಅವರಿಗೆ ಕೂರಲು ಜಾಗ ಸಿಗಲಿಲ್ಲ.

ಅಕ್ಟೋಬರ್ 19, ಶನಿವಾರ

ಅರ್ಲಿ ವೋಟಿಂಗ್, ಚುನಾವಣೆಯ ದಿನಕ್ಕೆ ಮುಂಚೆಯೇ ಓಟು. ಕಮ್ಯೂನಿಟಿ ಸೆಂಟರಿನ ಹೊರಗೆ ಉದ್ದ ಸಾಲು. ಮಿಸ್ ಒಡೆಸ್ಸಾ ಮಡಚುವ ಕುರ್ಚಿ ತಂದಿದ್ದರು, ಎದ್ದು ನನ್ನನ್ನು ಕೂರಿಸಿದರು. ಬೇಡವೆಂದರೂ ಬಿಡಲಿಲ್ಲ. ತಮ್ಮ ಓಟು ಯೆಸ್ ಎಂದರು. ಚರ್ಚಿನವರಿಗೂ ಹೇಳಿದ್ದಾರಂತೆ. ಆ ಮನುಷ್ಯ ನಡೆದು ನೋಡಿದ್ದಾನೆ, ಸುಳ್ಳು ಹೇಳುವ ಮುಖವಲ್ಲ ಎಂದು.

ನಾನೂ ಈಗ ಇಲ್ಲಿಯ ಸಿಟಿಜನ್, ಬ್ಯಾಲಟ್ಟಿನಲ್ಲಿ ಯೆಸ್ ಮುಂದಿನ ಗೋಲ ತುಂಬಿದೆ. ಕುರ್ಚಿ ಇನ್ನೂ ಬೆನ್ನಿಗೆ ಅಂಟಿದ ಹಾಗಿದೆ.

ನವೆಂಬರ್ 6

ಬಾಂಡ್ ಪಾಸ್. ಇನ್ನೂರ ಹನ್ನೆರಡು ಓಟು ಹೆಚ್ಚು. ಅಭಿಷೇಕ್ ಕೇಕ್ ತಂದ. ಬಸವಕುಮಾರ್ ಅಪ್ಪನ ಫೋಟೊ ಮುಂದೆ ಒಂದು ತುಂಡು ಇಟ್ಟ. ಸಂಜೆ ನೋಡಿದರೆ ತಟ್ಟೆಯ ಸುತ್ತ ಗುಲಾಬಿ ಟೇಪು. ನಿಧಿ ಅಲಂಕಾರ ಮಾಡಿರಬೇಕೆಂದುಕೊಂಡೆ. ಗಂಟು ನೋಡಿದ ಮೇಲೆ ಅವಳನ್ನು ಕೇಳಲಿಲ್ಲ.

ನಾಳೆ ಹೇಳುತ್ತೇನೆ. ಓಟು ಮುಗಿಯಿತಲ್ಲ.

ನವೆಂಬರ್ 12

ಹೇಳಿಲ್ಲ. ಫೋನ್ ಮಾಡಿದೆ. ಅವರು "ಹಲೋ, ಮಿಸ್ಟರ್ ಕೆ" ಎಂದ ಕೂಡಲೇ ಹವಾಮಾನದ ಮಾತಾಡಿ ಇಟ್ಟೆ.

ನವೆಂಬರ್ 23

ಅಭಿಷೇಕ್ ಮೆಸೇಜ್. ಸೋಮವಾರ ಕಂಟ್ರಾಕ್ಟರ್ ಯಂತ್ರ ತರುತ್ತಾನೆ, ಮೊದಲು ಕ್ರೀಕಿನ ಆಚೆಯ ಮರ ತೆಗೆಯುತ್ತಾರೆ. "ನಿಮ್ಮ ಲೈನ್ ಹಿಡ್ಕೊಂಡೇ ಹೋಗ್ತಾರೆ ಅಂಕಲ್."

ಬೀಗರ ಶೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಯಾಕೆ ಎಂದು ಗೊತ್ತಿಲ್ಲ.

ನವೆಂಬರ್ 24, ಭಾನುವಾರ, ಮಧ್ಯಾಹ್ನ 3.40

ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾಡಿನಲ್ಲಿ.

ಟೇಪು ಎಲ್ಲ ಬಿಚ್ಚಿ ತರೋಣವೆಂದು ಬಂದೆ. ಒಂದು ಮರದ ಮೇಲೂ ಇಲ್ಲ. ಅಷ್ಟೂ ಟೇಪು ಒಂದೇ ಕಡೆ, ನಾಲ್ಕು ಗೂಟಗಳಿಗೆ. ಮೂವತ್ತೊಂದು ತಗ್ಗುಗಳ ಸಾಲು ಮುಗಿಯುವಲ್ಲಿ. ನಡುವೆ ಗುಂಡಿ. ಸೊಂಟದಾಳ. ಅಂಚು ಸರಪಳಿ ಹಿಡಿದು ಕಡಿದಷ್ಟು ನೇರ. ಮಣ್ಣು ಹಸಿ.

ಚೌಕ.

ಒಂದು ಹಕ್ಕಿಯ ಸದ್ದೂ ಇಲ್ಲ.

ಮಿಸ್ ಒಡೆಸ್ಸಾಗೆ ಫೋನ್ ಮಾಡಲು ನೋಡಿದೆ. ಇಲ್ಲಿ ಸಿಗ್ನಲ್ ಬರುವುದಿಲ್ಲ. ಮೊದಲು ಬರೆದುಬಿಡುತ್ತೇನೆ. ಈ ಪುಸ್ತಕ ಯಾರಿಗಾದರೂ ಸಿಕ್ಕರೆ ಈ ಪುಟ ಅವರಿಗೆ ಕೊಡಿ. ನಿಮ್ಮವರು ಇಲ್ಲಿದ್ದಾರೆ, ತಾಯಿ. ಕ್ರೀಕಿನಿಂದ ನೂರ ಹತ್ತು ಹೆಜ್ಜೆ. ಮೂವತ್ತೊಂದು ಜನ, ಅದರಲ್ಲಿ ಒಂಬತ್ತು ಮಕ್ಕಳು. ಆಗಸ್ಟ್‌ನಲ್ಲಿ ಗೊತ್ತಾಗದೆ ತುಳಿದೆ. ಸೆಪ್ಟೆಂಬರ್‌ನಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದೆ. ದಾರಿಯನ್ನು ನಲವತ್ತು ಹೆಜ್ಜೆ ಪೂರ್ವಕ್ಕೆ ಸರಿಸಿದರೆ ಆಯಿತು. ಟ್ರೇಲೂ ಉಳಿಯುತ್ತದೆ. ಬೀಗರು ಎರಡು ಸಲ ಗೆರೆ ಎಳೆದು ತೋರಿಸಿದರು. ನಾನು ಕೇಳಲಿಲ್ಲ.

ಬರೆದೆ. ಎದೆ ಸ್ವಲ್ಪ ಹಗುರ.

ಗುಂಡಿ ಬೀಗರದೇ ಇರಬೇಕು. ಅಂತೂ ಕೂರಲು ಜಾಗ ಹುಡುಕಿಕೊಂಡರು. ಒಳಗಿಳಿದು ಅವರ ಶೂ ಇಟ್ಟು ಅಳೆದೆ, ಹಿಮ್ಮಡಿಗೆ ತುದಿ ಹಚ್ಚಿ. ಎಂಟಕ್ಕೇ ಗೋಡೆ ಬಂತು. ಮತ್ತೊಮ್ಮೆ. ಎಂಟೇ, ಒಂಬತ್ತಿಲ್ಲ. ಅವರದಲ್ಲ.

ನನ್ನ ಪಾದ ಅವರದಕ್ಕಿಂತ ಚಿಕ್ಕದು. ಅದಕ್ಕೇ ನಗುತ್ತಿದ್ದರು.

ಶೂ ಬಿಚ್ಚಿದೆ. ಮಣ್ಣು ತಣ್ಣಗಿದೆ. ಅಳೆಯುತ್ತ ಬರೆಯುತ್ತಿದ್ದೇನೆ. ನಾಲ್ಕು. ಐದು. ಮೇಲೆ ಯಾರೋ ನಿಂತ ಹಾಗೆ ಪುಟದ ಮೇಲೆ ನೆರಳು. ಆರು. ಏಳು.

ಎಂಟು. ಗೋಡೆಗೆ ಇನ್ನೂ ಜಾಗ ಇದೆ. ಸರಿಯಾಗಿ ಒಂದು