ನಾಮಕರಣಕ್ಕೆ ಬರುತ್ತಿಲ್ಲ, ಅಕ್ಕ

ಮಾಗಡಿ
ಫೆಬ್ರವರಿ ೧೬, ೨೦೨೫

ಪ್ರೀತಿಯ ರಮ್ಯಕ್ಕ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ಅವ್ವ ಫೋನಿನಲ್ಲಿ ಹೇಳಿದಳು. ನಿನ್ನ ಹತ್ತಿರ ಮಾತಾಡೋಣವೆಂದರೆ ಅವಳು ಬಾಣಂತಿ ಕೋಣೆಯಿಂದ ಅತ್ತಿತ್ತ ಕದಲುವುದಿಲ್ಲ. ಅದಕ್ಕೇ ಈ ಕಾಗದ. ಅವಳೆದುರಿಗೆ ಓದಬೇಡ, ನಿನ್ನ ಮುಖ ನೋಡಿದರೆ ಸಾಕು, ಅವಳಿಗೆ ಗೊತ್ತಾಗಿಬಿಡುತ್ತದೆ.

ನಾನು ನಾಮಕರಣಕ್ಕೆ ಅಕ್ಕೂರಿಗೆ ಬರುತ್ತಿಲ್ಲ. ಅಂಗಡಿಯಲ್ಲಿ ರಜೆ ಕೊಡಲಿಲ್ಲ ಎಂದು ಅವ್ವನಿಗೆ ಹೇಳಿದ್ದೇನೆ. ಅದು ಸುಳ್ಳು.

ನಮ್ಮ ಕನ್ನಡಕದಂಗಡಿಗೆ ಲೆನ್ಸ್ ತಂದುಕೊಡುವ ಅಶೋಕನ ವಿಷಯ ನಿನಗೆ ಹೇಳಿದ್ದೆನಲ್ಲ, ನಾನು ಡೈವೋರ್ಸಾದವಳೆಂದು ಗೊತ್ತಿದ್ದೂ ಮದುವೆಯಾಗುತ್ತೇನೆ ಎಂದವನು. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಕೆಂಗಲ್ಲಿನ ಜಾತ್ರೆಗೆ ಹೋಗಿ, ಬರುವಾಗ ರಾಮನಗರದಲ್ಲಿ ಅವನ ಮನೆಗೆ ಹೋದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಬಲವಂತ ಮಾಡಲಿಲ್ಲ ಅಕ್ಕ. ನನಗೂ ಬೇಕಾಗಿತ್ತು. ಎಷ್ಟೋ ವರ್ಷಗಳ ಮೇಲೆ ಒಬ್ಬರು ನನ್ನ ಹಣೆ ಮೇಲಿನ ಕೂದಲು ಸರಿಸಿದ್ದರು.

ವಾರದೊಳಗೆ ಅವನ ಫೋನು ಬಂತು. ಗುಳ್ಳೆ ಎದ್ದಿವೆ, ಹರ್ಪಿಸ್ ಅಂತೆ, ಕೂಡಿದವರಿಗೆ ಅಂಟುವಂಥದ್ದು, ನಿನಗೇನಾದರೂ ಆಗಿದೆಯಾ ಎಂದು ಕೇಳಿದ. ಹಿಂದೆಯೂ ಒಮ್ಮೆ ಬಂದು ಹೋಗಿತ್ತಂತೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರೆ ನೀನು ಬತ್ತಿದ್ಯಾ?" ಅಂದ.

ಫೋನು ಇಟ್ಟುಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಕನ್ನಡಿ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು, ಉಟ್ಟದ್ದನ್ನೆಲ್ಲ ಕುದಿಯುವ ನೀರಿಗೆ ಹಾಕುವುದು. ಮನೆ ಒಡತಿ ಅಕ್ಬರಿ ಬೇಗಂ ಕೊಟ್ಟಿದ್ದ ಪಾಯಸದ ಬಟ್ಟಲನ್ನೂ ಕುದಿಸಿ ಕುದಿಸಿ ಹಿಂದಿರುಗಿಸಿದೆ. ಬಟ್ಟಲು ಯಾಕಮ್ಮ ಇಷ್ಟು ಕಪ್ಪಾಗಿದೆ ಎಂದು ಕೇಳಿದರು. ಅವರೆದುರು ನಕ್ಕು, ಒಳಗೆ ಬಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಕೊನೆಗೆ ಜ್ವರ ಬಂತು. ಮೂತ್ರಕ್ಕೆ ಹೋದರೆ ಕೆಂಡ ಮುಟ್ಟಿದಂಥ ಉರಿ, ಗುಳ್ಳೆ. ರಾಮನಗರದ ಲೇಡಿ ಡಾಕ್ಟರು ಪರೀಕ್ಷೆ ಮಾಡಿಸಿ, ಅದೇ ಎಂದರು. "ಸಾಯೋ ಕಾಯಿಲೆ ಅಲ್ಲಮ್ಮ ಇದು, ತುಂಬಾ ಜನಕ್ಕಿರುತ್ತೆ" ಎಂದು ಬೆನ್ನು ಸವರಿದರು. ಮಾತ್ರೆಗೆ ಗುಳ್ಳೆ ಒಣಗುತ್ತವೆ, ಆದರೆ ವೈರಸ್ಸು ಮೈಯಲ್ಲೇ ಉಳಿಯುತ್ತದಂತೆ, ಮತ್ತೆ ಯಾವಾಗಲಾದರೂ ಏಳಬಹುದಂತೆ. ಬಟ್ಟಲಿನಿಂದ, ಬಟ್ಟೆಯಿಂದ ಅಂಟುವುದಿಲ್ಲವಂತೆ. ಇನ್ನೂ ಏನೇನೋ ಸಮಾಧಾನ ಹೇಳಿದರು. ನನ್ನ ಕಿವಿಗೆ ಬಿದ್ದದ್ದು 'ಉಳಿಯುತ್ತದೆ' ಎಂಬುದೊಂದೇ.

ಅಶೋಕ ಈಗಲೂ ಮದುವೆಗೆ ಸಿದ್ಧನಂತೆ. "ಈಗ ಇಬ್ರಿಗೂ ಐತಲ್ಲ, ಇನ್ನೇನ್ ಭಯ?" ಅಂದ. ಅವತ್ತಿನಿಂದ ಅವನ ಫೋನು ಎತ್ತಿಲ್ಲ. ಬೇರೆ ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ಅವರಿಗೆ ಇದನ್ನು ಹೇಳುವ ಧೈರ್ಯವಿಲ್ಲ. ಹೇಳದೆ ಅವನ ಹಾಗೆ ಮಾಡಲಾರೆ. ಹಾಗಾದರೆ ನನಗೆ ಉಳಿದದ್ದೇನು, ನೀನೇ ಹೇಳು. ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುತ್ತೇನೆ, ಬರುತ್ತೇನೆ. ಅನ್ನ ಬೇಯಿಸಿದರೂ ತಿನ್ನಲು ಮನಸ್ಸಾಗುವುದಿಲ್ಲ.

ಅಲ್ಲಿಗೆ ಬಂದರೆ ಚಿಕ್ಕಮ್ಮ ಬಂದಳು ಎಂದು ಎಲ್ಲರೂ ಮಗುವನ್ನು ನನ್ನ ಮಡಿಲಿಗೆ ಹಾಕುತ್ತಾರೆ. ಹಸುಗೂಸಿಗೆ ಇದು ತಗುಲಿದರೆ ಜೀವಕ್ಕೇ ಅಪಾಯವೆಂದು ಓದಿದ್ದೇನೆ. ನಾನು ದೂರವಿರುವುದೇ ಕ್ಷೇಮ. ಬೈಯಬೇಡ ಅಕ್ಕ.

ನಿನ್ನ
ಅಮ್ಮು (ಅಮೂಲ್ಯ)

ಕವರು ಅಂಟಿಸುವ ಮೊದಲು ಇದೊಂದು: ಮಗುವಿನ ವಿಷಯ ಡಾಕ್ಟರನ್ನು ಕೇಳಿದ್ದೆ. ಬಾಯಲ್ಲಿ ಹುಣ್ಣಿಲ್ಲವಲ್ಲ, ಕೈ ತೊಳೆದುಕೊಂಡು ಧಾರಾಳವಾಗಿ ಎತ್ತಿಕೊಳ್ಳಿ ಎಂದರು. ಎತ್ತಿಕೊಂಡರೆ ನನಗೂ ಒಂದು ಬೇಕು ಅನ್ನಿಸಿಬಿಡುತ್ತದೆ. ಅದಕ್ಕೇ ಬರುತ್ತಿಲ್ಲ.